ತರಬೇತಿ ಸೆಮಿಸ್ಟರ್‌ಗೆ ಬೆಂಗಳೂರಿನ ದೊಡ್ಡ ಕಚೇರಿಯೋ, ಧಾರವಾಡದ ಸಣ್ಣ ಕಚೇರಿಯೋ? ಥೀಸಿಸ್ ಬಗ್ಗೆಯೂ ಸಲಹೆ ಬೇಕು

ಪ್ರಶ್ನೆ ಕೇಳಿದವರು: ಬೆಳಕಿಂಡಿ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಕಾಲೇಜೊಂದರಲ್ಲಿ ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ನಾಲ್ಕನೆಯ ವರ್ಷದ ವಿದ್ಯಾರ್ಥಿನಿ. ಮುಂದಿನ ಸೆಮಿಸ್ಟರ್ ಪೂರ್ತಿ ಪ್ರಾಯೋಗಿಕ ತರಬೇತಿಗೆ ಮೀಸಲಾಗಿದೆ. ಅದು ಮುಗಿದ ಕೂಡಲೇ ಥೀಸಿಸ್, ಅಂದರೆ ಪದವಿಯ ಕೊನೆಯ ದೊಡ್ಡ ವಿನ್ಯಾಸದ ಕೆಲಸ, ಶುರುವಾಗುತ್ತದೆ. ತರಬೇತಿಗೆ ಎರಡು ಕಡೆಯಿಂದ ಒಪ್ಪಿಗೆ ಬಂದಿದ್ದು, ಎರಡರಲ್ಲಿ ಒಂದನ್ನು ಈ ತಿಂಗಳೊಳಗೆ ಆರಿಸಿಕೊಳ್ಳಬೇಕಾಗಿದೆ.

ಮೊದಲನೆಯದು ಬೆಂಗಳೂರಿನ ದೊಡ್ಡ ಕಚೇರಿ. ಅಪಾರ್ಟ್‌ಮೆಂಟ್ ಮತ್ತು ಟೆಕ್ ಪಾರ್ಕ್‌ಗಳ ಕೆಲಸ ಮಾಡುತ್ತಾರೆ, ಸ್ಟೈಪೆಂಡ್ ಚೆನ್ನಾಗಿದೆ, ರೆವಿಟ್ ಎಂಬ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಕೆಲಸ ಕಲಿಯಬಹುದು. ಎರಡನೆಯದು ಧಾರವಾಡದಲ್ಲಿ ನಾಲ್ಕೇ ಜನರಿರುವ ಕಚೇರಿ. ಮನೆಗಳು ಮತ್ತು ಒಂದು ಶಾಲೆಯ ಕೆಲಸ ನಡೆಯುತ್ತಿದೆ, ಸ್ಟೈಪೆಂಡ್ ಕಡಿಮೆ, ಆದರೆ ನಮ್ಮ ಸೋದರತ್ತೆಯವರ ಮನೆ ಅಲ್ಲೇ ಇರುವುದರಿಂದ ಊಟ ವಸತಿಯ ಖರ್ಚಿಲ್ಲ. ನಮ್ಮ ಸೀನಿಯರ್‌ಗಳಲ್ಲಿ ದೊಡ್ಡ ಕಚೇರಿಗೆ ಹೋದವರೊಬ್ಬರು ಸೆಮಿಸ್ಟರ್ ಮುಗಿಯುವವರೆಗೂ ಬಾಗಿಲು ಕಿಟಕಿಗಳ ಶೆಡ್ಯೂಲ್ (ಅಳತೆ, ಸಂಖ್ಯೆಗಳ ಪಟ್ಟಿ) ತುಂಬುವುದರಲ್ಲೇ ಕಳೆದರಂತೆ. ಸಣ್ಣ ಕಚೇರಿಗೆ ಹೋದ ಇನ್ನೊಬ್ಬರಿಗೆ ಮಾಡಿದ ಡ್ರಾಯಿಂಗನ್ನು ಕುಳಿತು ತಿದ್ದುವವರೇ ಸಿಗಲಿಲ್ಲವಂತೆ. ಇಬ್ಬರ ಮಾತನ್ನೂ ಕೇಳಿ ನನ್ನ ಗೊಂದಲ ಹೆಚ್ಚಾಗಿದೆ.

ಇನ್ನೊಂದು ವಿಷಯ ಥೀಸಿಸ್‌ನದು. ನಮ್ಮ ಊರು ಇಳಕಲ್ಲಿಗೆ ಹತ್ತಿರ. ಅಲ್ಲಿನ ಕೈಮಗ್ಗದ ನೇಕಾರರಿಗೆ ಮನೆ ಮತ್ತು ಮಗ್ಗ ಒಂದೇ ಸೂರಿನಡಿ ಇರುವಂಥ ಬಡಾವಣೆಯೊಂದನ್ನು ವಿನ್ಯಾಸ ಮಾಡಬೇಕೆಂಬುದು ನನ್ನ ಆಸೆ. ಆದರೆ ಥೀಸಿಸ್ ಎಂದರೆ ವಿಮಾನ ನಿಲ್ದಾಣ, ವಸ್ತುಸಂಗ್ರಹಾಲಯ, ದೊಡ್ಡ ಆಸ್ಪತ್ರೆಯಂಥದ್ದು ಇರಬೇಕು, ಮನೆಗಳ ವಿಷಯ ತೆಗೆದುಕೊಂಡರೆ ಸಣ್ಣದಾಗಿ ಕಾಣುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ತರಬೇತಿಗೂ ಥೀಸಿಸ್‌ಗೂ ಸಂಬಂಧ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದೇ, ಅಥವಾ ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕೇ? ಅನುಭವ ಉಳ್ಳವರು ದಯವಿಟ್ಟು ತಿಳಿಸಿಕೊಡಿ.

ಉತ್ತರ: ತೂಗುಗುಂಡು

ಕಚೇರಿ ದೊಡ್ಡದೋ ಸಣ್ಣದೋ ಎನ್ನುವುದಕ್ಕಿಂತ ಮೊದಲು, ನೀವು ಅಲ್ಲಿರುವ ತಿಂಗಳುಗಳಲ್ಲಿ ಅವರ ಯಾವ ಕಟ್ಟಡ ಯಾವ ಹಂತದಲ್ಲಿರುತ್ತದೆ ಎಂಬುದನ್ನು ಫೋನ್ ಮಾಡಿ ವಿಚಾರಿಸಿ. ಒಂದು ಸೆಮಿಸ್ಟರ್ ಎಂದರೆ ನಾಲ್ಕು ತಿಂಗಳ ಆಚೀಚೆ; ಅಷ್ಟರಲ್ಲಿ ಒಂದು ಮನೆಯೂ ಪಾಯದಿಂದ ಗೃಹಪ್ರವೇಶದವರೆಗೆ ಮುಗಿಯುವುದಿಲ್ಲ. ಹಾಗಾಗಿ ಒಂದು ಕೆಲಸ ಪಾಯದಲ್ಲಿ, ಒಂದು ಸ್ಲ್ಯಾಬ್‌ನಲ್ಲಿ, ಒಂದು ಗಾರೆ ಮತ್ತು ನೆಲದ ಕೆಲಸದಲ್ಲಿ ಇರುವ ಕಚೇರಿ ಸಿಕ್ಕರೆ ಆ ನಾಲ್ಕು ತಿಂಗಳಲ್ಲಿ ಇಡೀ ಕಟ್ಟಡವನ್ನು ತುಂಡುತುಂಡಾಗಿಯಾದರೂ ನೋಡಿದಂತಾಗುತ್ತದೆ. ನಿಮ್ಮ ಧಾರವಾಡದ ಕಚೇರಿಯಲ್ಲಿ ಎಲ್ಲ ಕೆಲಸಗಳೂ ಇನ್ನೂ ಸ್ಯಾಂಕ್ಷನ್ ಪ್ಲಾನ್ (ಅನುಮೋದನೆಗೆ ಕೊಡುವ ನಕ್ಷೆ) ಹಂತದಲ್ಲೇ ಇದ್ದರೆ ಅಲ್ಲಿಗೆ ಹೋಗಿ ಪ್ರಯೋಜನ ಕಡಿಮೆ. ಶಾಲೆಯ ಕೆಲಸ ಈಗ ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ) ಮಟ್ಟಕ್ಕೆ ಬಂದಿದೆ ಎಂದು ಹೇಳಿದರೆ ಎರಡನೆಯ ಯೋಚನೆ ಮಾಡದೆ ಹೋಗಿ ಸೇರಿಕೊಳ್ಳಿ.

ಸೈಟಿನ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಮೆಟ್ಟಿಲನ್ನೇ ತೆಗೆದುಕೊಳ್ಳಿ. ಮಹಡಿಯಿಂದ ಮಹಡಿಗೆ 3 ಮೀಟರ್ ಎತ್ತರ, 150 ಮಿ.ಮೀನ 20 ರೈಸರ್‌ಗಳು (ಒಂದೊಂದು ಮೆಟ್ಟಿಲಿನ ಎತ್ತರ) ಎಂದು ಪ್ಲಾನ್‌ನಲ್ಲಿ ಬರೆಯುತ್ತೀರಿ, ಲೆಕ್ಕ ಸರಿಯಾಗಿ ಕೂಡುತ್ತದೆ. ಸೈಟಿನಲ್ಲಿ ಸೆಂಟರಿಂಗ್‌ನವರು (ಕಾಂಕ್ರೀಟಿಗೆ ಅಚ್ಚು ಕಟ್ಟುವವರು) ಕಾಂಕ್ರೀಟ್ ಮೆಟ್ಟಿಲನ್ನೂ ಅದೇ 150ರ ಲೆಕ್ಕದಲ್ಲಿ ಸಮನಾಗಿ ಎರಕ ಹೊಯ್ಯುತ್ತಾರೆ. ಆಮೇಲೆ ಮೆಟ್ಟಿಲಿನ ಮೇಲೆ 20 ಮಿ.ಮೀ ಗ್ರಾನೈಟ್, ಅದರ ಕೆಳಗೆ 20 ಮಿ.ಮೀ ಗಾರೆ, ಒಟ್ಟು 40 ಮಿ.ಮೀ ಬರುತ್ತದೆ. ಆದರೆ ಕೆಳಗಿನ ಹಾಲ್ ಮತ್ತು ಮೇಲಿನ ಮಹಡಿಯ ನೆಲಕ್ಕೆ, ಪೈಪುಗಳನ್ನು ಮುಚ್ಚಬೇಕಾಗಿ ಬಂದು, 75 ಮಿ.ಮೀ ದಪ್ಪ ಬಂತು ಎಂದಿಟ್ಟುಕೊಳ್ಳಿ. ಆಗ ಮೊದಲ ಮೆಟ್ಟಿಲು 115 ಮಿ.ಮೀ ಆಗುತ್ತದೆ, ನಡುವಿನ ಹದಿನೆಂಟೂ 150 ಇರುತ್ತವೆ, ಕೊನೆಯದು 185 ಆಗಿಬಿಡುತ್ತದೆ. ಹತ್ತುವವರ ಕಾಲು ಹದಿನೆಂಟು ಮೆಟ್ಟಿಲಿನ ಅಂದಾಜಿಗೆ ಒಗ್ಗಿಕೊಂಡು ಕೊನೆಯದರಲ್ಲಿ ಎಡವುತ್ತದೆ. ಇದನ್ನು ತಪ್ಪಿಸಬೇಕಾದರೆ ಕಾಂಕ್ರೀಟಿನಲ್ಲಿ ಮೊದಲ ಮೆಟ್ಟಿಲನ್ನು 185ಕ್ಕೂ ಕೊನೆಯದನ್ನು 115ಕ್ಕೂ ಎರಕ ಹೊಯ್ಯಬೇಕು, ಮತ್ತು ಅದನ್ನು ಸೆಕ್ಷನ್‌ನಲ್ಲಿ (ಕಟ್ಟಡವನ್ನು ಕತ್ತರಿಸಿದಂತೆ ತೋರಿಸುವ ಚಿತ್ರದಲ್ಲಿ) ಕಾಂಕ್ರೀಟಿನ ಗೆರೆ ಬೇರೆ, ನೆಲಹಾಸಿನ ಗೆರೆ ಬೇರೆ ಎಂದು ಎರಡು ಗೆರೆಯಲ್ಲಿ ತೋರಿಸಬೇಕು. ಕಾಲೇಜಿನ ಡ್ರಾಯಿಂಗ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಗೆರೆ ಇರುತ್ತದೆ. ಆ ಎರಡನೆಯ ಗೆರೆ ಏಕೆ ಬೇಕು ಎಂಬುದು ಮೇಸ್ತ್ರಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೆಟ್ಟಿಲು ಗುರುತು ಹಾಕುವಾಗ ಪಕ್ಕದಲ್ಲಿ ನಿಂತವರಿಗೆ ತಕ್ಷಣ ಅರ್ಥವಾಗುತ್ತದೆ, ಮತ್ತೆ ಮರೆಯುವುದೂ ಇಲ್ಲ.

ಇಂಥ ಸಂಗತಿಗಳು ಕಟ್ಟಡದ ಉದ್ದಕ್ಕೂ ಇವೆ: ಬಚ್ಚಲಿನ ಸಂಕನ್ ಸ್ಲ್ಯಾಬ್ (ಪೈಪುಗಳಿಗಾಗಿ ತಗ್ಗಿಸಿದ ಸ್ಲ್ಯಾಬ್) ಎಷ್ಟು ಇಳಿಯಬೇಕು, ಸಜ್ಜಾದ ಅಂಚಿನಲ್ಲಿ ನೀರು ಹಿಂದಕ್ಕೆ ಹರಿದು ಗೋಡೆಗೆ ಬರದಂತೆ ಗೀರು ಎಲ್ಲಿ ಬಿಡಬೇಕು, ಸ್ಲ್ಯಾಬಿನ ಕೆಳಗಿನ ಆಸರೆಗಳನ್ನು ಯಾವಾಗ ತೆಗೆಯಬಹುದು. ಕೊನೆಯದಕ್ಕೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456ರಲ್ಲೇ ಉತ್ತರವಿದೆ: ಸಾಮಾನ್ಯ ಸಿಮೆಂಟಿನಲ್ಲಿ 4.5 ಮೀಟರ್‌ವರೆಗಿನ ಸ್ಪ್ಯಾನ್ (ಗೋಡೆ ಅಥವಾ ತೊಲೆಗಳ ನಡುವಿನ ದೂರ) ಇರುವ ಸ್ಲ್ಯಾಬ್‌ಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. ಪುಸ್ತಕದಲ್ಲಿ ಓದಿದ ಈ ಅಂಕಿಯನ್ನು, ಮನೆಯ ಮಾಲೀಕರು ಬೇಗ ಮುಗಿಸಿ ಎಂದು ಒತ್ತಾಯಿಸುತ್ತಿರುವಾಗ ನಿಮ್ಮ ಕಚೇರಿಯ ಹಿರಿಯರು ಹೇಗೆ ಉಳಿಸಿಕೊಳ್ಳುತ್ತಾರೆ ಎಂಬುದನ್ನು ನೋಡುವುದೇ ತರಬೇತಿ.

ಸೇರುವ ಮೊದಲು ಕೆಲವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ವಾರಕ್ಕೊಮ್ಮೆಯಾದರೂ ಸೈಟಿಗೆ ಕಳಿಸುತ್ತಾರೆಯೇ, ನೀವು ಮಾಡಿದ ಡ್ರಾಯಿಂಗ್‌ಗಳನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಸೇರಿಸಿಕೊಳ್ಳಬಹುದೇ, ಕೆಲಸದ ವೇಳೆ ಮತ್ತು ಸ್ಟೈಪೆಂಡ್ ಎಷ್ಟು. ಕಚೇರಿಯ ಮುಖ್ಯಸ್ಥರು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರೇ ಎಂಬುದನ್ನೂ, ತರಬೇತಿ ಕೊಡುವವರ ಅನುಭವದ ಬಗ್ಗೆ ನಿಮ್ಮ ಕಾಲೇಜಿನ ನಿಯಮ ಏನು ಹೇಳುತ್ತದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಸೆಮಿಸ್ಟರ್ ಮುಗಿದ ಮೇಲೆ ಪ್ರಮಾಣಪತ್ರ ಒಪ್ಪಲಾಗದು ಎಂದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಉತ್ತರ: ಎಂಟನೇಮಹಡಿ

ತೂಗುಗುಂಡು ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಆದರೆ ದೊಡ್ಡ ಕಚೇರಿಯ ಪರವಾಗಿ ಹೇಳಬೇಕಾದದ್ದೂ ಸಾಕಷ್ಟಿದೆ. ನಾನು ಬೆಂಗಳೂರಿನಲ್ಲಿ ವಸತಿ ಸಮುಚ್ಚಯಗಳ ಕೆಲಸವನ್ನೇ ಮಾಡುತ್ತಿರುವವಳು. ಮನೆಯೊಂದರಲ್ಲಿ ಕಾಣದ ಒಂದು ವಿದ್ಯೆ ಇಲ್ಲಿ ಕಲಿಯಲು ಸಿಗುತ್ತದೆ, ಅದು ಹೊಂದಾಣಿಕೆಯ ವಿದ್ಯೆ. ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಂಬಿಂಗ್, ಎಲೆಕ್ಟ್ರಿಕಲ್, ಅಗ್ನಿ ಸುರಕ್ಷತೆ, ಲಿಫ್ಟ್, ಇವರೆಲ್ಲರ ಡ್ರಾಯಿಂಗ್‌ಗಳೂ ಕಡೆಗೆ ಒಂದೇ ಜಾಗದಲ್ಲಿ ಬಂದು ಕೂರಬೇಕು.

ಬೇಸ್‌ಮೆಂಟಿನ ಕಾರುಗಳನ್ನು ನೋಡಿ. ಒಂದು ಕಾರಿಗೆ 2.5 ಮೀಟರ್ ಅಗಲ ಎಂದರೆ ಎರಡು ಕಂಬಗಳ ನಡುವೆ ಮೂರು ಕಾರು ನಿಲ್ಲಿಸಲು 7.5 ಮೀಟರ್ ತೆರವು ಬೇಕು. ಆ ಕಂಬಗಳೇ ಮೇಲಕ್ಕೆ ಹೋಗಿ ಮನೆಗಳ ಒಳಗೆ ಏಳುತ್ತವೆ. ಅವು ಮಲಗುವ ಕೋಣೆಯ ನಡುವೆ ಬರಬಾರದು, ಬಚ್ಚಲುಗಳ ಶಾಫ್ಟಿಗೆ (ಪೈಪುಗಳು ಕೆಳಗಿಳಿಯುವ ಜಾಗಕ್ಕೆ) ಅಡ್ಡವಾಗಬಾರದು, ಆ ಶಾಫ್ಟ್ ಮತ್ತೆ ಕೆಳಗೆ ಕಾರು ಓಡಾಡುವ ದಾರಿಯ ಮೇಲೆ ಇಳಿಯಬಾರದು. ಇಳಿದರೆ ಪೈಪನ್ನು ಬೇಸ್‌ಮೆಂಟಿನ ಸೂರಿನಡಿ ಅಡ್ಡ ಒಯ್ಯಬೇಕಾಗುತ್ತದೆ. ಆರು ಮೀಟರ್ ಅಡ್ಡ ಹೋಗುವ ಪೈಪಿಗೆ ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೂ ಒಂದು ತುದಿಯಿಂದ ಇನ್ನೊಂದು ತುದಿಗೆ 60 ಮಿ.ಮೀ ಇಳಿಯುತ್ತದೆ, ಅದರ ಮೇಲೆ ಪೈಪಿನ ಗಾತ್ರ, ಅದನ್ನು ಹಿಡಿದಿಡುವ ಕ್ಲ್ಯಾಂಪು, ನಡುವೆ ಬರುವ ಬೀಮಿನ ಆಳ. ಇಷ್ಟೂ ಸೇರಿ ಕಾರಿನ ತಲೆಯ ಮೇಲೆ ಎಷ್ಟು ಜಾಗ ಉಳಿಯಿತು ಎಂಬ ಲೆಕ್ಕವನ್ನು ತರಬೇತಿಗೆ ಬಂದ ಹುಡುಗಿಯೊಬ್ಬಳಿಗೆ ಒಮ್ಮೆ ಒಪ್ಪಿಸಿದರೆ ಅವಳು ಕಟ್ಟಡವನ್ನು ಮೇಲಿನಿಂದ ಕೆಳಗೆ ಓದುವುದನ್ನು ಕಲಿಯುತ್ತಾಳೆ. ಪ್ಲಾನ್ ಬಿಡಿಸುವುದರಿಂದ ಮಾತ್ರ ಅದು ಬರುವುದಿಲ್ಲ.

ಆದ್ದರಿಂದ ದೊಡ್ಡ ಕಚೇರಿಗೆ ಹೋಗುವುದಾದರೆ ಒಂದು ಮಾತು ಮೊದಲೇ ಕೇಳಿಕೊಳ್ಳಿ: ನನ್ನನ್ನು ಒಂದೇ ಪ್ರಾಜೆಕ್ಟಿನ ತಂಡಕ್ಕೆ ಸೇರಿಸುತ್ತೀರಾ, ನನ್ನ ಕೆಲಸ ನೋಡುವ ಹಿರಿಯರು ಯಾರು, ಕನ್ಸಲ್ಟೆಂಟ್‌ಗಳ ಸಭೆಗೆ ಕೂರಲು ಬಿಡುತ್ತೀರಾ. ಹೌದು ಎಂದರೆ ಬಾಗಿಲು ಕಿಟಕಿ ಶೆಡ್ಯೂಲ್ ಕೊಟ್ಟರೂ ಬೇಸರ ಬೇಡ; ಸಭೆಯಲ್ಲಿ ಕೇಳಿದ ಮಾತಿಗೂ ಆ ಶೆಡ್ಯೂಲಿಗೂ ಏನು ಸಂಬಂಧ ಎಂಬುದು ಕಾಣತೊಡಗುತ್ತದೆ. ಅವಶ್ಯಕತೆ ಇದ್ದಲ್ಲಿಗೆ ಕಳಿಸುತ್ತೇವೆ ಎಂಬಂಥ ಉತ್ತರ ಬಂದರೆ ನಿಮ್ಮ ಸೀನಿಯರ್ ಅನುಭವವೇ ನಿಮಗೂ ಆಗುತ್ತದೆ ಎಂದು ತಿಳಿಯಿರಿ. ಖರ್ಚಿನ ವಿಷಯವನ್ನೂ ಸಂಕೋಚವಿಲ್ಲದೆ ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಬಸ್ಸು, ಊಟ ಎಲ್ಲ ಕಳೆದರೆ ಆ ಒಳ್ಳೆಯ ಸ್ಟೈಪೆಂಡಿನಲ್ಲಿ ಕೈಗೆ ಉಳಿಯುವುದು ಧಾರವಾಡದಲ್ಲಿ ಉಳಿಯುವುದಕ್ಕಿಂತ ಹೆಚ್ಚೇನೂ ಇರಲಾರದು. ಕಲಿಯುವ ಅವಕಾಶ ಎಂಬ ಹೆಸರಿನಲ್ಲಿ ಏನೂ ಕೊಡದೆ ದುಡಿಸಿಕೊಳ್ಳುವ ಕಚೇರಿ ಎಲ್ಲಿದ್ದರೂ, ಎಷ್ಟೇ ಹೆಸರುವಾಸಿಯಾಗಿದ್ದರೂ ಒಪ್ಪಬೇಡಿ. ನಿಮ್ಮ ಡ್ರಾಯಿಂಗಿನಿಂದ ಕಟ್ಟಡ ಏಳುತ್ತದೆ, ಅದಕ್ಕೆ ಅವರು ಶುಲ್ಕ ಪಡೆಯುತ್ತಾರೆ.

ಉತ್ತರ: ಎರೆಮಣ್ಣು

ತರಬೇತಿಯ ಬಗ್ಗೆ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ಥೀಸಿಸ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಸ್ನೇಹಿತರ ಮಾತು ಕೇಳಿ ಇಳಕಲ್ಲನ್ನು ಬಿಟ್ಟುಬಿಡುತ್ತೀರೇನೋ ಎಂಬ ಆತಂಕ ನನಗೆ. ವಿನ್ಯಾಸ ಕಲಿಸುವವನಾಗಿ ಹೇಳುತ್ತೇನೆ, ಮನೆ ಮತ್ತು ಮಗ್ಗ ಸಣ್ಣ ವಿಷಯವಲ್ಲ. ವಿಮಾನ ನಿಲ್ದಾಣಕ್ಕೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ದೊಡ್ಡದೊಂದು ಸೂರನ್ನು ಬಿಡಿಸುತ್ತಾರೆ, ಅದರ ಕೆಳಗಿನ ವ್ಯವಸ್ಥೆಗಳನ್ನು ನೋಡಲು ಅವರನ್ನು ಯಾರೂ ಒಳಗೆ ಬಿಡುವುದಿಲ್ಲ. ನಿಮಗೆ ಇಳಕಲ್ಲಿನ ಮನೆಗಳ ಬಾಗಿಲು ತೆರೆದಿದೆ.

ಮಗ್ಗದಿಂದಲೇ ಶುರುಮಾಡಿ. ಕುಣಿಮಗ್ಗದಲ್ಲಿ ನೇಯುವವರು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಆದ್ದರಿಂದ ಆ ಕೋಣೆಯಲ್ಲಿ ಕೆಲಸ ಮಾಡುವವರ ಕಣ್ಣು ನೆಲದಿಂದ ಮೂರು ಅಡಿಯೂ ಇಲ್ಲದ ಎತ್ತರದಲ್ಲಿರುತ್ತದೆ. ನಾವು ಅಭ್ಯಾಸಬಲದಿಂದ ಮೂರು ಅಡಿ ಮೇಲೆ ಕೂರಿಸುವ ಕಿಟಕಿ ಅವರಿಗೆ ಬರೀ ಆಕಾಶ ತೋರಿಸುತ್ತದೆ, ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳ) ಮೇಲೆ ಬೇಕಾದ ಬೆಳಕು ಕೊಡುತ್ತದೋ ಇಲ್ಲವೋ ಹೇಳಲಾಗದು. ಕಿಟಕಿಯ ಕೆಳ ಅಂಚು ಎಲ್ಲಿರಬೇಕು, ಬೆಳಕು ಎಡಗಡೆಯಿಂದಲೋ ಬಲಗಡೆಯಿಂದಲೋ, ಮಾಳಿಗೆಯಲ್ಲಿ ಬೆಳಕಿಂಡಿ ಇದ್ದರೆ ಅದರ ಬಿಸಿಲಿನ ಚೌಕ ದಿನದ ಯಾವ ಹೊತ್ತಿನಲ್ಲಿ ನೂಲಿನ ಮೇಲೆ ಬೀಳುತ್ತದೆ, ಇವನ್ನು ನೇಯುವವರ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅಳತೆ ಮಾಡಿ ಬರೆದುಕೊಳ್ಳಿ. ಮಗ್ಗ, ಕುಣಿ, ಲಾಳಿ ಹಾಯುವ ಅಗಲ, ನೇಯುವವರ ಮೊಣಕೈ ಚಾಚುವ ದೂರ, ಎಲ್ಲವನ್ನೂ 1:10ರ ಅಳತೆಯಲ್ಲಿ ಬಿಡಿಸಿ. ಇಡೀ ಥೀಸಿಸ್‌ಗೆ ಆ ಒಂದು ಹಾಳೆ ಆಧಾರವಾಗುತ್ತದೆ.

ಎರಡನೆಯದು ಮಣ್ಣು. ಆ ಭಾಗದಲ್ಲಿ ಎರೆ ನೆಲ ಎಲ್ಲೆಲ್ಲಿದೆ ಎಂಬುದನ್ನು ಮೊದಲು ಗುರುತಿಸಿ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಕಟ್ಟಡದ ಪಾಯಕ್ಕೇ ಅದು ಕಷ್ಟ, ಇನ್ನು ನೆಲದೊಳಗೆ ತೋಡಿದ ಕುಣಿಯ ಗೋಡೆಗಳಿಗೆ ಮತ್ತು ಅಲ್ಲಿ ಜಿನುಗುವ ತೇವಕ್ಕೆ ನೀವು ಉತ್ತರ ಕೊಡಬೇಕು. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್‌ರೀಮ್ಡ್ ಪೈಲ್ ಎಂಬ, ನೆಲದೊಳಗೆ ಇಳಿದು ತಳದ ಬಳಿ ಉಬ್ಬಿದ ಕಾಂಕ್ರೀಟ್ ಕಂಬಗಳ ಪಾಯವನ್ನು ಬೆಳೆಸಿತು. ಗೋಡೆಗೆ ಸ್ಥಳೀಯ ಕಲ್ಲು ಇದೆ. ಕಲ್ಲು ದುಬಾರಿಯಾದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಅಭಿವೃದ್ಧಿಪಡಿಸಿದಂಥ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಪರಿಶೀಲಿಸಬಹುದು. ಆದರೆ ಬರೀ ಎರೆ ಮಣ್ಣು ಅದಕ್ಕೆ ಒಗ್ಗುವುದಿಲ್ಲ, ಕೆಂಪು ಮಣ್ಣು ಮತ್ತು ಮರಳು ಎಷ್ಟು ದೂರದಿಂದ ಬರಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನು ಬೀದಿ. ನೇಕಾರರ ಕೆಲಸ ಕೋಣೆಯೊಳಗೇ ಮುಗಿಯುವುದಿಲ್ಲ. ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಾಕಿ, ಎಳೆ ಬಿಡಿಸುವ ಕೆಲಸಕ್ಕೆ ಬೀದಿಯೇ ಬೇಕಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕ್ರಮ ಬೇರೆ ಇದೆ, ಅದಕ್ಕೂ ಜಾಗ ಮತ್ತು ಜೊತೆಗಾರರು ಬೇಕು. ಈ ಕೆಲಸಗಳಲ್ಲಿ ಹೆಂಗಸರ ಪಾಲು ಎಷ್ಟು, ಅವರು ಎಲ್ಲಿ ಕುಳಿತು ಮಾಡುತ್ತಾರೆ, ಅಡುಗೆಮನೆಗೂ ಆ ಜಾಗಕ್ಕೂ ಎಷ್ಟು ಹೆಜ್ಜೆ ಎಂಬುದನ್ನು ಕೇಳದೆ ಬರಬೇಡಿ. ಬಡಾವಣೆಯ ರಸ್ತೆ 30 ಅಡಿ ಇರಲಿ, 40 ಅಡಿ ಇರಲಿ, ಅದರಲ್ಲಿ ಮೋಟಾರ್ ಸೈಕಲ್ ಓಡಾಡುವ ಭಾಗ ಯಾವುದು, ಬೆಳಿಗ್ಗೆ ಹಾಸು ಕಟ್ಟಲು ನೆರಳಿರುವ ಭಾಗ ಯಾವುದು ಎಂದು ನಿರ್ಧರಿಸುವುದು ನಿಮ್ಮ ವಿನ್ಯಾಸದ ತಿರುಳು. ಈ ಒಂದು ಪ್ರಶ್ನೆ ಸರಿಯಾಗಿ ಬಿಡಿಸಿದರೆ ಜ್ಯೂರಿಯಲ್ಲಿ (ಥೀಸಿಸ್ ಪರೀಕ್ಷಿಸುವವರಲ್ಲಿ) ಯಾರೂ ವಿಷಯ ಸಣ್ಣದೆಂದು ಹೇಳಲಾರರು.

ಪೂರ್ವಾಧ್ಯಯನಕ್ಕೆ ದೂರ ಹೋಗಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಬಾಗಲಕೋಟೆಯ ಒಂದು ಭಾಗ ಮುಳುಗಡೆಯಾದಾಗ ಅಲ್ಲಿನ ಜನರಿಗಾಗಿ ಕಟ್ಟಿದ ನವನಗರದ ಯೋಜನೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಇದೆ. ಕಾಗದದ ಮೇಲಿನ ಯೋಜನೆ ಮತ್ತು ಇಂದು ಜನ ಬದುಕುತ್ತಿರುವ ಸೆಕ್ಟರ್‌ಗಳು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅದೇ ಕೊರಿಯಾ ಅವರು ನವಿ ಮುಂಬೈನ ಬೇಲಾಪುರದಲ್ಲಿ ಮಾಡಿದ ವಸತಿಯಲ್ಲಿ ಏಳೇಳು ಮನೆಗಳು ಒಂದು ಸಣ್ಣ ಅಂಗಳದ ಸುತ್ತ ಸೇರುತ್ತವೆ, ಮತ್ತು ನೆರೆಮನೆಯೊಂದಿಗೆ ಹಂಚಿಕೊಂಡ ಗೋಡೆ ಇಲ್ಲದ್ದರಿಂದ ಪ್ರತಿ ಕುಟುಂಬವೂ ತನಗೆ ಬೇಕಾದಾಗ ಮನೆ ಬೆಳೆಸಿಕೊಳ್ಳಬಹುದು. ಇಂದೋರಿನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರು ಮಾಡಿದ ಅರಣ್ಯ ಬಡಾವಣೆಯಲ್ಲಿ ಬಡ ಕುಟುಂಬಗಳಿಗೆ ಕೊಟ್ಟದ್ದು ನಿವೇಶನ, ಪಾಯ ಮತ್ತು ನೀರು ಶೌಚದ ವ್ಯವಸ್ಥೆ; ಉಳಿದದ್ದನ್ನು ಅವರು ಕೈಲಾದಂತೆ ಕಟ್ಟಿಕೊಳ್ಳುತ್ತ ಹೋದರು. ಅದಕ್ಕೆ 1995ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಮಗ್ಗದ ಆದಾಯ ಏರಿಳಿಯುವ ನೇಕಾರರ ಮನೆಗೂ ಇದೇ ಪ್ರಶ್ನೆ ಇದೆ: ಮೊದಲ ದಿನ ಏನು ಇರಲೇಬೇಕು, ಐದು ವರ್ಷದ ನಂತರ ಮಗನ ಮದುವೆಯಾದಾಗ ಯಾವ ಗೋಡೆಯಾಚೆಗೆ ಕೋಣೆ ಏಳಬಹುದು. ಒಂದು ವೇಳೆ ಆ ಮಗ ಮಗ್ಗ ಬಿಟ್ಟು ಬೇರೆ ಉದ್ಯೋಗ ಹಿಡಿದರೆ ಕುಣಿ ಇದ್ದ ಕೋಣೆ ಏನಾಗುತ್ತದೆ ಎಂಬುದನ್ನೂ ಬಿಡಿಸಿ ತೋರಿಸಿ.

ಈ ಕಾರಣಕ್ಕೆ ನನ್ನ ಒಲವು ಧಾರವಾಡದ ಕಡೆಗೆ. ರಜೆಯ ದಿನ ಬಸ್ಸು ಹತ್ತಿ ಇಳಕಲ್ಲಿಗೆ ಹೋಗಿ ಬರಬಹುದು, ಮತ್ತು ಬೇಸಿಗೆಯ ಮಧ್ಯಾಹ್ನದಲ್ಲೂ ಮಳೆಗಾಲದಲ್ಲೂ ಆ ಮನೆಗಳ ಒಳಗೆ ಕುಳಿತು ನೋಡಲು ಸಾಧ್ಯವಾಗುತ್ತದೆ.

ಮರುಮಾತು: ಬೆಳಕಿಂಡಿ

ಮೂವರಿಗೂ ತುಂಬು ಹೃದಯದ ಧನ್ಯವಾದಗಳು. ತೂಗುಗುಂಡು ಸರ್ ಹೇಳಿದಂತೆ ಎರಡೂ ಕಡೆ ಫೋನ್ ಮಾಡಿ ವಿಚಾರಿಸಿದೆ. ಧಾರವಾಡದಲ್ಲಿ ಶಾಲೆಯ ಮೊದಲ ಸ್ಲ್ಯಾಬ್ ಮುಂದಿನ ತಿಂಗಳು ಬೀಳಲಿದೆಯಂತೆ, ಒಂದು ಮನೆ ನೆಲದ ಕೆಲಸದಲ್ಲಿದೆಯಂತೆ. ಬೆಂಗಳೂರಿನವರು ತಂಡ ಯಾವುದೆಂದು ಸೇರಿದ ಮೇಲೆ ತಿಳಿಸುತ್ತೇವೆ ಎಂದರು. ಹಾಗಾಗಿ ಧಾರವಾಡಕ್ಕೆ ಒಪ್ಪಿಗೆ ಕಳಿಸುತ್ತಿದ್ದೇನೆ. ಅವರು ಪೋರ್ಟ್‌ಫೋಲಿಯೊ ಮತ್ತೊಮ್ಮೆ ಕಳಿಸಲು ಹೇಳಿದ್ದಾರೆ. ಮೊದಲ ವರ್ಷದಿಂದ ಇಂದಿನವರೆಗಿನ ಎಲ್ಲ ಪ್ರಾಜೆಕ್ಟ್‌ಗಳನ್ನೂ ಸೇರಿಸಬೇಕೇ?

ಉತ್ತರ: ತೂಗುಗುಂಡು

ಬೇಡ. ಮೂರು ಸಾಕು, ಅವುಗಳಲ್ಲೊಂದನ್ನು ಆಳವಾಗಿ ತೋರಿಸಿ. ಶಾಲೆಯ ಕೆಲಸಕ್ಕೆ ಹೋಗುತ್ತಿರುವುದರಿಂದ, ನೀವು ಸ್ಟುಡಿಯೋದಲ್ಲಿ ಶಾಲೆ ಏನಾದರೂ ಮಾಡಿದ್ದರೆ ಅದನ್ನೇ ಮುಂದಿಡಿ: ನಿವೇಶನ ನೋಡಿ ಬರೆದುಕೊಂಡ ಕೈಚಿತ್ರ, ಬಿಟ್ಟುಕೊಟ್ಟ ಒಂದೆರಡು ಪ್ಲಾನ್, ಕೊನೆಗೆ ಆರಿಸಿದ ಪ್ಲಾನ್, ಮತ್ತು ಪಾಯದಿಂದ ಸೂರಿನವರೆಗೆ ಗೋಡೆಯನ್ನು ಕತ್ತರಿಸಿ ತೋರಿಸುವ 1:20ರ ಒಂದು ಸೆಕ್ಷನ್. ಆ ಸೆಕ್ಷನ್ ಈಗ ಇಲ್ಲದಿದ್ದರೆ ಈ ವಾರ ಕುಳಿತು ಬಿಡಿಸಿ. ರೆಂಡರ್ ಚಿತ್ರ ಪ್ರಾಜೆಕ್ಟಿಗೊಂದು ಇದ್ದರೆ ಹೆಚ್ಚಾಯಿತು. ಗುಂಪಾಗಿ ಮಾಡಿದ ಕೆಲಸವಿದ್ದರೆ ನಿಮ್ಮ ಪಾಲು ಯಾವುದೆಂದು ಅದೇ ಹಾಳೆಯ ಕೆಳಗೆ ಬರೆಯಿರಿ. ಪಿಡಿಎಫ್ ಇಮೇಲ್‌ನಲ್ಲಿ ಸುಲಭವಾಗಿ ತೆರೆಯುವಷ್ಟು ಹಗುರ ಇರಲಿ.

ಇನ್ನೊಂದು ವಿಷಯ, ಹಲವು ವಿದ್ಯಾರ್ಥಿಗಳು ಪೋರ್ಟ್‌ಫೋಲಿಯೊದ ಮುಖಪುಟದಲ್ಲಿ ಹೆಸರಿನ ಹಿಂದೆ ಆರ್ಕಿಟೆಕ್ಟ್ ಎಂದು ಬರೆದುಕೊಳ್ಳುತ್ತಾರೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಪದವಿ ಮುಗಿಸಿ ಕೌನ್ಸಿಲ್‌ನಲ್ಲಿ ನೋಂದಣಿ ಆಗುವವರೆಗೆ ಹಾಗೆ ಬರೆದುಕೊಳ್ಳುವಂತಿಲ್ಲ. ಬಿ.ಆರ್ಕ್ ವಿದ್ಯಾರ್ಥಿನಿ, ನಾಲ್ಕನೆಯ ವರ್ಷ ಎಂದಷ್ಟೇ ಬರೆಯಿರಿ. ಸ್ಲ್ಯಾಬ್ ಹಾಕುವ ದಿನ ಯಾವುದೆಂದು ಕೇಳಿಕೊಂಡು ಅದಕ್ಕಿಂತ ಒಂದು ವಾರ ಮೊದಲೇ ಸೇರಲು ನೋಡಿ. ಕಬ್ಬಿಣ ಕಟ್ಟುವುದನ್ನೂ ವೈರಿಂಗ್ ಪೈಪು ಇಡುವುದನ್ನೂ ಕಾಂಕ್ರೀಟ್ ಬಿದ್ದ ಮೇಲೆ ನೋಡಲಾಗುವುದಿಲ್ಲ.